ಹುಣ್ಣು ಎಂದವಳು ನಾನು

ಅತ್ತೆ, ನಿನ್ನ ಹೊಟ್ಟೆಯಲ್ಲಿದ್ದದ್ದು ಹುಣ್ಣಲ್ಲ. ಕ್ಯಾನ್ಸರ್ ಗೆಡ್ಡೆ. ಅದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು. ತಾಯಿಯಿಲ್ಲದ ನನ್ನನ್ನು ಸಾಕಿದ ಸೋದರತ್ತೆ ನೀನು. ನಿನಗೆ ಓದಲು ಬರುವುದಿಲ್ಲ. ಬಾಯಿಬಿಟ್ಟು ಹೇಳುವ ಮೊದಲು ಬರೆದು ನೋಡುತ್ತಿದ್ದೇನೆ—

ಮೈಸೂರಿನ ಆಸ್ಪತ್ರೆಯಲ್ಲಿ ಡಾಕ್ಟರು ನನಗೆ ಇಂಗ್ಲಿಷಿನಲ್ಲಿ ಎಲ್ಲವನ್ನೂ ಬಿಡಿಸಿ ಹೇಳಿದ್ದರು. ಗೆಡ್ಡೆ ಅವರೆಕಾಳಿನಷ್ಟು, ಜಠರದ ಒಳಪದರದಲ್ಲೇ ಇದೆ, ಹೊಟ್ಟೆ ಕೊಯ್ಯಬೇಕಿಲ್ಲ. ಬಾಯಿಂದ ಎಂಡೋಸ್ಕೋಪಿ ಕೊಳವೆ ಇಳಿಸಿ, ಗೆಡ್ಡೆಯ ಅಡಿಗೆ ದ್ರವ ಚುಚ್ಚಿ ಮೇಲೆತ್ತಿ, ತಂತಿಯ ಕುಣಿಕೆಯಿಂದ ಕತ್ತರಿಸಿ ತೆಗೆದರು. ನಿನಗೆ ನಾನು, "ಹುಣ್ಣಂತೆ ಅತ್ತೆ, ಕೆರೆದು ತೆಗೆದ್ರು," ಎಂದೆ.

ಅದೇ ವಾರ ಕೆ.ಆರ್. ನಗರದಿಂದ ನನ್ನನ್ನು ನೋಡಲು ಬರುವವರಿದ್ದರು. ನಮ್ಮ ಕಡೆ ಹೆಣ್ಣಿನ ಓದಿಗಿಂತ ಮೊದಲು ಮನೆತನದ ಕಾಯಿಲೆಗಳನ್ನು ವಿಚಾರಿಸುತ್ತಾರೆ. ಹುಡುಗನ ತಾಯಿ ಕೇಳಿಯೇಬಿಟ್ಟರು: "ಆಸ್ಪತ್ರೇಲಿದ್ರಂತೆ?"

ನಾನು ಬಾಯಿ ತೆರೆಯುವ ಮೊದಲೇ ನೀನು ನಕ್ಕೆ. "ಉಣ್ಣು ಕಣ್ರವ್ವ. ನಮ್ ಉಡ್ಗಿ ಡಾಕ್ಟ್ರ ಸಮಕ್ಕೆ ಇಂಗ್ಲೀಸ್ ಮಾತಾಡ್ತಾ ಇದ್ಲು. ಪೈಪ್ ಇಳ್ಸೋಕೆ ಮುಂಚೇನೇ ನಾನು ಬಾಯ್ ಬುಟ್ಕೊಂಡು ಕುಂತಿದ್ದೆ!"

ಎಲ್ಲರೂ ನಕ್ಕರು. ಮದುವೆ ನಿಶ್ಚಯವಾಯಿತು.

ಕತ್ತರಿಸಿದ ಅಂಚಿನಲ್ಲಿ ಗೆಡ್ಡೆ ಸ್ವಲ್ಪ ಉಳಿದಿರಬಹುದು, ಮೂರು ತಿಂಗಳಿಗೆ ಮತ್ತೆ ಕೊಳವೆ ಇಳಿಸಿ ನೋಡಲೇಬೇಕು ಎಂದಿದ್ದರು ಡಾಕ್ಟರು. ಆ ತಿಂಗಳೇ ನನ್ನ ಲಗ್ನ. ಆಮೇಲೆ ನಮ್ಮೂರು ಕೋಟೆಗೆ ನಿನ್ನನ್ನು ನೋಡಲು ಬಂದಾಗಲೆಲ್ಲ ಹೇಳಬೇಕೆಂದುಕೊಂಡೆ. ಹೇಳಿದರೆ, ಹುಣ್ಣಿಗೆ ಮತ್ತೆ ಯಾಕೆ ಆಸ್ಪತ್ರೆ ಎಂದು ನನ್ನ ಗಂಡನೇ ಕೇಳುತ್ತಾರೆ. ಗಂಡನ ಮನೆಯಲ್ಲಿ ಗೊತ್ತಾಗುತ್ತದೆ— ಮೊದಲ ಸುಳ್ಳನ್ನು ಬಿಡಿಸದೆ ನಿನ್ನನ್ನು ಬಸ್ಸು ಹತ್ತಿಸಲು ದಾರಿಯೇ ಇರಲಿಲ್ಲ. ದಾರಿ ಇತ್ತು, ನಾನು ಹಿಡಿಯಲಿಲ್ಲ. ಎರಡು ವರ್ಷ.

ನಿನಗೆ ಅನ್ನ ಇಳಿಯದಾದಾಗ ಕರೆದೊಯ್ದೆ. ಗೆಡ್ಡೆ ಆಳಕ್ಕೆ ಹೋಗಿತ್ತು, ಕೊಳವೆಯಿಂದ ಆಗುವಂತಿರಲಿಲ್ಲ. ಜಠರದ ಮುಕ್ಕಾಲು ಪಾಲು ಕೊಯ್ದು ತೆಗೆದರು. ಹೇಳಿದ ಸಮಯಕ್ಕೆ ಯಾಕೆ ಕರೆತರಲಿಲ್ಲ ಎಂದು ಡಾಕ್ಟರು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನೀನು ಹಾಸಿಗೆಯಿಂದ ನನ್ನ ಮುಖ ನೋಡಿದೆ.

"ಏನಂತವ್ವ?"

"ಖಾರ ಜಾಸ್ತಿ ತಿಂದದ್ದಕ್ಕೆ ಹೀಗಾಯ್ತಂತೆ," ಎಂದೆ.

"ಅಂಗಾದ್ರೆ ನಂದೇ ತೆಪ್ಪು ಬುಡು. ನಾಲ್ಗೆ ಕೇಳ್ನಿಲ್ಲ."

ನಾನು ಹೌದೆಂದು ತಲೆಯಾಡಿಸಿದೆ. ಅತ್ತೆ, ತಲೆಯಾಡಿಸಿದೆ.

ಈಗಲೂ ಯಾರು ನೋಡಲು ಬಂದರೂ ನೀನು ಅದನ್ನೇ ಹೇಳುತ್ತೀಯ. ಭಾನುವಾರ ನನ್ನ ಗಂಡನನ್ನೂ ಕರೆದುಕೊಂಡು ಬರುತ್ತೇನೆ. ಅವರೆದುರಿಗೇ ಹೇಳುತ್ತೇನೆ— ತಪ್ಪು ನಿನ್ನ ನಾಲಿಗೆಯದಲ್ಲ.