ತೊಳೆಯಬಾರದ ತೊಟ್ಟಿ

ಮೀನಿನ ತೊಟ್ಟಿಯ ಕೆಳಗೆ ಇನ್ನೊಂದು ತೊಟ್ಟಿ ಕಟ್ಟಬೇಕು ಅಂತ ಮೊದಲು ಹೇಳಿದವರು ಯಾರು? ಭಾವನನ್ನು ಕೇಳಿದರೆ ಭಾವ. ಅಕ್ಕನನ್ನು ಕೇಳಿದರೆ ಅಕ್ಕ. ನನ್ನ ನೆನಪಿನಲ್ಲಿ ಹೇಳಿದವನು ನಾನೇ, ಅದೂ ಬಹಳ ಸೊಗಸಾಗಿ, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು. ಆ ಲೋಟದಿಂದಲೇ ನನಗೆ ಅನುಮಾನ. ನಾನು ಜಾಣನಾಗಿ ಕಾಣುವ ನೆನಪುಗಳಲ್ಲೆಲ್ಲ ಕೈಯಲ್ಲೊಂದು ಕಾಫಿ ಲೋಟ ಇರುತ್ತದೆ. ನಾನು ಕಾಫಿ ಬಿಟ್ಟು ವರ್ಷಗಳಾದವು. ಆದ್ದರಿಂದ ಯಾರು ಹೇಳಿದರು ಎನ್ನುವುದನ್ನು ಬಿಟ್ಟುಬಿಡೋಣ. ತೊಟ್ಟಿ ಕಟ್ಟಿದ್ದಂತೂ ನಿಜ. ಶಿಡ್ಲಘಟ್ಟದ ಅಕ್ಕನ ಮನೆಯ ಹಾಲ್‌ನಲ್ಲಿ ಈಗಲೂ ಇದೆ.

ಮೀನು ಬಂದದ್ದು ಚಿಂತಾಮಣಿಯಿಂದ. ಅಕ್ಕ ಅಲ್ಲಿ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹೆಡ್‌ಮಾಸ್ಟರ ಕೋಣೆಯಲ್ಲಿ ಒಂದು ಆಸ್ಕರ್ ಮೀನಿತ್ತು: ಅಂಗೈಗಿಂತ ದೊಡ್ಡದು, ಕಪ್ಪು ಮೈಯ ಮೇಲೆ ಕೆಂಡ ಚೆಲ್ಲಿದಂಥ ಪಟ್ಟೆ. ಹೊಸ ಹೆಡ್‌ಮಾಸ್ಟರು ಬಂದರು, ಅವರ ಹಿಂದೆಯೇ ವಾಸ್ತು ಬಲ್ಲವರೊಬ್ಬರು ಬಂದರು, ಆ ಮೂಲೆಯಲ್ಲಿ ನೀರಿದ್ದರೆ ಬಡ್ತಿ ನಿಲ್ಲುತ್ತದೆ ಅಂದರು. ಲ್ಯಾಬಿನಲ್ಲಿ ನಲ್ಲಿಯೇ ಇಲ್ಲದಿರುವುದರಲ್ಲಿ ಮಾತ್ರ ಅವರಿಗೆ ಯಾವ ದೋಷವೂ ಕಾಣಲಿಲ್ಲ. ಊಟದ ಬಿಡುವಿನಲ್ಲಿ ಆ ಮೀನಿಗೆ ವರ್ಷಗಟ್ಟಲೆ ತಿನ್ನಿಸಿದವಳು ಅಕ್ಕ. ಅವಳ ಸೀರೆಯ ಸೆರಗು ಬಾಗಿಲಲ್ಲಿ ಕಂಡರೆ ಸಾಕು, ಅದು ಗಾಜಿಗೆ ಬಂದು ಮೂತಿ ಒತ್ತುತ್ತಿತ್ತು. ಅದನ್ನು ಹಾಲಿನ ಕ್ಯಾನಿನಲ್ಲಿ ಹಾಕಿಕೊಂಡು ಅವಳು ಬಸ್ಸು ಹತ್ತಿದಳು.

ಬಸ್ಸಲ್ಲ, ಆಟೋ ಅನ್ನುತ್ತಾಳೆ ಅಕ್ಕ. ಆದರೆ ಕಂಡಕ್ಟರ್ ಕ್ಯಾನಿನೊಳಗೆ ಇಣುಕಿ "ಮೇಡಮ್, ಇದಕ್ಕೆ ಹಾಫಾ ಫುಲ್ಲಾ?" ಅಂದದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. ಅಂದಹಾಗೆ, ಆವತ್ತು ನಾನು ಅವಳ ಜೊತೆಯಲ್ಲಿ ಇರಲೇ ಇಲ್ಲ.

ಆಸ್ಕರ್ ಮೀನು ನೋಡಲು ಗಂಭೀರ, ತಿನ್ನುವುದರಲ್ಲಿ ಮದುವೆ ಮನೆಯ ದೂರದ ನೆಂಟ. ತಿಂದದ್ದಕ್ಕಿಂತ ಹೆಚ್ಚು ಹೊರಹಾಕುತ್ತದೇನೋ ಎಂಬ ಅನುಮಾನ ಎಲ್ಲರಿಗೂ ಇತ್ತು. ಮನೆಯಲ್ಲಿದ್ದ ಪುಟ್ಟ ಫಿಲ್ಟರು ಗೊರಗೊರ ಅಂದುಕೊಂಡು ಸುಮ್ಮನಾಯಿತು. ನೀರು ಟೀ ಬಣ್ಣಕ್ಕೆ ತಿರುಗಿತು. ಭಾವ ಮೂಗು ಮುಚ್ಚಿಕೊಂಡು ಹಾಲ್ ದಾಟುತ್ತಿದ್ದರು. ಒಂದು ದಿನ ಮೂಗು ಬಿಟ್ಟು ಹೇಳಿದರು: "ಇನ್ನೊಂದು ಸಲ ಈ ನಾತ ಬಂತೋ, ಕೆರೆಗೆ ಬಿಟ್ಟು ಬರ್ತೀನಿ. ಅಷ್ಟೇ."

ಭಾವ ಹೇಳಿದ್ದನ್ನು ಮಾಡುವ ಜನ. ಅಕ್ಕನಿಗೆ ಅದೇ ಹೆದರಿಕೆ. ಕೈಯಿಂದ ತಿಂದು ಬೆಳೆದ ಮೀನು ಕೆರೆಯಲ್ಲಿ ಮೊದಲು ಕಂಡ ಕೈಯ ಹತ್ತಿರ ಹೋಗುತ್ತದೆ. ಆ ಕೈಯಲ್ಲಿ ಗಾಳ ಇರುತ್ತದೆ. ಅವಳು ನನಗೆ ಫೋನು ಮಾಡಿದಳು. ನಾನು ಚಿಕ್ಕಬಳ್ಳಾಪುರದಿಂದ ಪೆನ್ನು, ಹಾಳೆ, ಅರ್ಧ ನೋಡಿದ ಒಂದು ವಿಡಿಯೋ ಹೊತ್ತುಕೊಂಡು ಹೋದೆ.

ಭಾವನ ಬಗ್ಗೆ ಒಂದು ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅನ್ಯಾಯವಾಗಿ ಕಾಣುತ್ತದೆ. ಜಂಗಮಕೋಟೆಯ ಹತ್ತಿರ ಅವರದು ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಸಾಕುವ ಮನೆ. ಹುಳುವಿಗೆ ರೋಗ ತಗುಲಿದರೆ ಬೆಳೆ ಪೂರಾ ಹೋಯಿತು. ಆದ್ದರಿಂದ ಅವರ ಧರ್ಮ ಬ್ಲೀಚಿಂಗ್ ಪುಡಿ. ಪ್ರತಿ ಬೆಳೆಗೂ ಮುಂಚೆ ಗೋಡೆ, ನೆಲ, ತಟ್ಟೆ, ಬಲೆ ಎಲ್ಲ ಆ ನೀರಿನಲ್ಲಿ ಮೀಯಬೇಕು. ಹುಳು ಮನೆಯ ಹೊಸ್ತಿಲಲ್ಲಿ ಕಾಲು ಅದ್ದದೆ ಯಾರೂ ಒಳಗೆ ಹೋಗುವಂತಿಲ್ಲ, ಎಂಎಲ್‌ಎ ಬಂದರೂ. ದೇವಸ್ಥಾನದ ಮುಂದೆ ಭಾವ ಅಷ್ಟು ಶ್ರದ್ಧೆಯಿಂದ ಕಾಲು ತೊಳೆದದ್ದನ್ನು ನಾನು ಕಂಡಿಲ್ಲ.

ನನ್ನ ಚಿತ್ರ ನೋಡಿ ಅವರು ಅಂದರು: "ಏನಪ್ಪಾ ಬಾಮೈದ, ಇದು ಮೀನಿಗೋ ಡಯಾಲಿಸಿಸ್ ಸೆಂಟರಿಗೋ?"

"ಇದಕ್ಕೆ ಸಂಪ್ ಅಂತಾರೆ ಭಾವ. ಮೇಲಿನ ತೊಟ್ಟಿ ತುಂಬಿದ ನೀರು ಪೈಪಲ್ಲಿ ತಾನೇ ಕೆಳಗೆ ಇಳಿಯುತ್ತೆ. ಕೆಳಗಿನ ತೊಟ್ಟೀಲಿ ಮೂರು ಕೋಣೆ. ಮೊದಲನೇದ್ರಲ್ಲಿ ಕಸ ನಿಲ್ಲುತ್ತೆ. ಎರಡನೇದ್ರಲ್ಲಿ ನೀರು ಶುದ್ಧ ಆಗುತ್ತೆ. ಮೂರನೇದ್ರಿಂದ ಪಂಪು ವಾಪಸ್ ಮೇಲಕ್ಕೆ ಎತ್ತುತ್ತೆ."

"ಎರಡನೇದ್ರಲ್ಲಿ ಹೆಂಗೆ ಶುದ್ಧ ಆಗುತ್ತೆ?"

"ಆಗುತ್ತೆ ಭಾವ."

"ಹೆಂಗೆ?"

"ಅದು ಆಗುತ್ತೆ."

ವಿಡಿಯೋದಲ್ಲಿ ಆ ಭಾಗ ಉದ್ದವಾಗಿತ್ತು. ಅಕ್ಕ ಅಡುಗೆಮನೆಯಿಂದ ನಕ್ಕಳು. ಅವಳಿಗೂ ಗೊತ್ತಿರಲಿಲ್ಲ ಅನ್ನುವುದು ಆಮೇಲೆ ತಿಳಿಯಿತು.

ಕಟ್ಟುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ, ಇದು ಅವರೇ ಹೇಳಿದ ಮಾತು. ತೋಟದ ಹನಿ ನೀರಾವರಿಯ ಪೈಪು, ಎಲ್ಬೋ ತಂದರು. ಹುಳುವಿನ ಮೈಮೇಲೆ ಮೊಟ್ಟೆ ಇಡುವ ಊಜಿ ನೊಣ ಬಾರದಂತೆ ಕಿಟಕಿಗೆ ಕಟ್ಟುವ ಬಲೆಯನ್ನು ನಾಲ್ಕು ಮಡಿಕೆ ಮಾಡಿ ಮೊದಲನೇ ಕೋಣೆಗೆ ಹಾಕಿದರು. ಎರಡನೇ ಕೋಣೆಗೆ ಅಂಗಡಿಯಲ್ಲಿ ಸಿಗುವ ಪಿಂಗಾಣಿ ಉಂಗುರಗಳು ಬೇಕು ಅಂದೆ. "ನಮ್ಮತ್ರ ಏನಿಲ್ಲ ಅಂತ?" ಅಂದು, ಹುಳು ಗೂಡು ಕಟ್ಟಲು ಇಡುವ ಪ್ಲಾಸ್ಟಿಕ್ ನೇತ್ರಿಕೆಯ ಹಳೆಯ ತುಂಡುಗಳನ್ನು ಕತ್ತರಿಸಿ ತುಂಬಿದರು. ಹೇಳಬಾರದು, ಚೆನ್ನಾಗಿಯೇ ಇತ್ತು.

ಪಂಪು ಹಾಕಿದ ಸಂಜೆಯೇ ಕರೆಂಟು ಹೋಯಿತು. ನೀರನ್ನು ಮೇಲೆತ್ತುವ ಪೈಪಿನ ಬಾಯಿ ತೊಟ್ಟಿಯ ಆಳದಲ್ಲಿತ್ತು. ಪಂಪು ನಿಂತ ಕೂಡಲೇ ಮೇಲಿನ ನೀರೆಲ್ಲ ಅದೇ ಪೈಪಿನಲ್ಲಿ ಹಿಂದಕ್ಕೆ ಇಳಿದು, ಕೆಳಗಿನ ತೊಟ್ಟಿ ಉಕ್ಕಿ, ಹಾಲ್ ತುಂಬಿತು. ಅಕ್ಕ ಉತ್ತರಪತ್ರಿಕೆಗಳ ಕಟ್ಟನ್ನು ಫ್ರಿಜ್ಜಿನ ಮೇಲೆ ಎಸೆದಳು. ಭಾವ ಸೋಫಾದ ಮೇಲೆ ಕಾಲು ಮಡಿಸಿ ಕೂತು ಅಂದರು: "ಬೇರೆಯವರ ಮನೇಲಿ ಕರೆಂಟ್ ಹೋದ್ರೆ ಫ್ಯಾನ್ ನಿಲ್ಲುತ್ತೆ. ನಮ್ಮನೇಲಿ ಕರೆಂಟ್ ಹೋದ್ರೆ ಕೆರೆ ಕೋಡಿ ಬೀಳುತ್ತೆ."

ಮೀನು ಮೇಲೆ ಗೇಣು ನೀರಿನಲ್ಲಿ ಓರೆಯಾಗಿ ನಿಂತು ನಮ್ಮ ಮೂವರನ್ನೂ ನೋಡುತ್ತಿತ್ತು. ಮಾರನೇ ದಿನ ಪೈಪಿಗೆ ನೀರಿನ ಮಟ್ಟದ ಹತ್ತಿರ ಒಂದು ಸಣ್ಣ ತೂತು ಕೊರೆದೆವು. ಕರೆಂಟು ಹೋದರೆ ತೂತು ಗಾಳಿ ಎಳೆದುಕೊಳ್ಳುತ್ತದೆ, ನೀರಿನ ಓಟ ನಿಲ್ಲುತ್ತದೆ. ತೂತಿನ ಉಪಾಯ ಯಾರದು ಎನ್ನುವುದಕ್ಕೂ ಮೂರು ಉತ್ತರಗಳಿವೆ.

ಆಮೇಲೆ ನೀರು ತಿಳಿಯಾಯಿತು. ನಾತ ಹೋಯಿತು. ಕಥೆ ಇಲ್ಲಿಗೆ ಮುಗಿದಿದ್ದರೆ ನಾವೆಲ್ಲ ಬುದ್ಧಿವಂತರಾಗಿ ಉಳಿಯುತ್ತಿದ್ದೆವು.

ಭಾನುವಾರ ಬಂತು. ಅಕ್ಕ ಮನೆಯಲ್ಲಿದ್ದಳು, ಆದ್ದರಿಂದ ಭಾನುವಾರವೇ ಇರಬೇಕು. ಭಾವ ಎರಡನೇ ಕೋಣೆಯ ಮುಚ್ಚಳ ತೆಗೆದು ಬೆರಳಾಡಿಸಿದರು. ಬಿಳಿ ಪ್ಲಾಸ್ಟಿಕ್ಕಿನ ಮೇಲೆ ತೆಳ್ಳಗೆ ಕಂದು ಲೋಳೆ. ಹುಳುವಿನ ತಟ್ಟೆಯಲ್ಲಿ ಸುಣ್ಣಕಟ್ಟು ರೋಗ ಕಂಡವರ ಹಾಗೆ ಮುಖ ಮಾಡಿದರು. ಒಂದು ತುಂಡನ್ನೂ ಬಿಡದೆ ಬಕೆಟ್ಟಿಗೆ ಹಾಕಿ, ಬ್ಲೀಚಿಂಗ್ ನೀರಿನಲ್ಲಿ ಉಜ್ಜಿ, ತಾರಸಿಯ ಮೇಲೆ ಬಿಸಿಲಿಗೆ ಹರವಿದರು. ತಾರಸಿಯ ಮೇಲೆ ಮಲ್ಲಿಗೆ ಒಣಹಾಕಿದ ಹಾಗೆ ಕಾಣುತ್ತಿತ್ತು. ನಾನೂ ಹೊಗಳಿದೆ, ಅಕ್ಕ ಬಜ್ಜಿ ಕರಿದಳು.

ಆ ವಾರ ಮೀನಿನ ಕೆಂಡ ಆರಿತು. ಮೈ ಬೂದಿ ಬಣ್ಣ, ರೆಕ್ಕೆ ಮುದುಡಿ, ನೀರಿನ ಮೇಲ್ಮೈಗೆ ಬಾಯಿ ಇಟ್ಟು ಗುಳುಗುಳು ಉಸಿರೆಳೆಯುತ್ತಿತ್ತು. ಸೆರಗು ಕಂಡರೂ ತಿರುಗಲಿಲ್ಲ. ವಾರದ ಕೊನೆಗೆ ಚೂರು ಚೇತರಿಸಿಕೊಂಡಿತು, ಅಷ್ಟರಲ್ಲಿ ಮತ್ತೆ ಭಾನುವಾರ, ಮತ್ತೆ ಬಕೆಟ್ಟು. ಪಕ್ಕದ ಮನೆಯ ಆಂಟಿ ಬಂದು ದೃಷ್ಟಿಯಾಗಿದೆ ಅಂದರು, ಗಾಜಿನ ಮೇಲೆ ಕಾಡಿಗೆಯ ಬೊಟ್ಟಿಟ್ಟರು. ಮೀನು ಸೋತ ಬಾಯಿಯಲ್ಲೇ ಅದನ್ನು ಹುಳುವೆಂದು ಕುಕ್ಕಿ ನೋಡಿತು.

ಭಾವ ತೀರ್ಪು ಕೊಟ್ಟರು: "ಪುಡಿ ಸಾಲ್ತಾ ಇಲ್ಲ. ಈ ಸಲ ಜಾಸ್ತಿ ಹಾಕ್ತೀನಿ. ಆದ್ರೂ ಹಿಂಗೇ ನರಳ್ತಾ ಇದ್ರೆ ಕೆರೆಗೆ ಬಿಡಣ ಕಣೇ. ಕಣ್ಮುಂದೆ ಸಾಯೋದು ನೋಡಕ್ಕಾಗಲ್ಲ."

ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ.

ಮುಂದಿನ ಭಾನುವಾರಕ್ಕೆ ಮೊದಲು ಒಂದು ಸಂಜೆ ಅಕ್ಕ ತೊಟ್ಟಿಯ ಪಕ್ಕ ಕೂತು ಒಂಬತ್ತನೇ ತರಗತಿಯ ಪತ್ರಿಕೆ ತಿದ್ದುತ್ತಿದ್ದಳು. ನಾನು ಎದುರಿಗಿದ್ದೆ. ನೈಟ್ರೋಜನ್ ಚಕ್ರದ ಪ್ರಶ್ನೆ. ಪ್ರತಿ ಹಾಳೆಯಲ್ಲೂ ಅದೇ ಬಾಣದ ಗುರುತು, ಅವಳೇ ಬೋರ್ಡಿನ ಮೇಲೆ ಬರೆದು ಬರೆದು ಸವೆಸಿದ ಬಾಣಗಳು: ಮಲಮೂತ್ರದಿಂದ ಅಮೋನಿಯ ಎಂಬ ವಿಷ, ಅದನ್ನು ಬದಲಿಸಲು ಬ್ಯಾಕ್ಟೀರಿಯ. ಅವಳ ಕೆಂಪು ಪೆನ್ನು ನಿಂತಿತು. ಅವಳು ತೊಟ್ಟಿಯ ಕೆಳಗೆ ನೋಡಿದಳು. ಇಲ್ಲಿ ಹಾಳೆಗಳು ಮಡಿಲಿಂದ ಜಾರಿ ನೆಲಕ್ಕೆ ಬಿದ್ದವು ಅಂತ ಬರೆಯುವ ಆಸೆ ನನಗಿದೆ. ಬೀಳಲಿಲ್ಲ. ಕಟ್ಟು ಪೂರ್ತಿ ತಿದ್ದಿ ಮುಗಿಸಿ, ಮೊತ್ತ ಕೂಡಿಸಿ, ದಾರ ಬಿಗಿದು, ಆಮೇಲೆ ಅಂದಳು:

"ಲೋ, ಆ ಲೋಳೇನೇ ಕಣೋ ಫಿಲ್ಟರು. ಅವರು ಫಿಲ್ಟರನ್ನೇ ತೊಳೆದು ಹಾಕ್ತಾವ್ರೆ."

"ನೀನು ಇದನ್ನೇ ಅಲ್ವಾ ಪಾಠ ಮಾಡೋದು?"

"ಬೋರ್ಡ್ ಮೇಲೆ ಮಾಡ್ತೀನಿ. ಬೋರ್ಡಲ್ಲಿ ಮೀನು ಇರುತ್ತಾ?"

ಭಾನುವಾರ ಭಾವ ಬಕೆಟ್ಟು, ಪುಡಿ, ಕೈಗವಸು ಸಮೇತ ಬಂದಾಗ ಅಕ್ಕ ಕೆಳಗಿನ ತೊಟ್ಟಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು.

"ಪಕ್ಕಕು ಜರುಗು" ಅಂದರು ಭಾವ. ಕೋಪ ಬಂದರೆ ಅವರಿಗೆ ತೆಲುಗು ಬರುತ್ತದೆ.

"ಜರಗನು" ಅಂದಳು ಅಕ್ಕ, ಜಾಗ ಬಿಟ್ಟು ಕದಲದೆ, ಅದೇ ತೆಲುಗಿನಲ್ಲಿ.

"ಒಳಗೆ ಕೊಳೆತು ನಾರ್ತಾ ಇದೆ ಕಣೇ."

"ಕೊಳೆತಿಲ್ಲ ರೀ. ಅದು ಜೀವ. ಮೀನಿನ ಹೊಲಸನ್ನ ಅದೇ ತಿನ್ನೋದು. ನೀವು ವಾರ ವಾರ ಅದನ್ನ ಕೊಲ್ತಿದ್ದೀರ."

"ರೋಗದ ಹುಳಾನ ಮನೇಲಿ ಇಟ್ಕೊಂಡು ಸಾಕ್ತಾರಾ ಯಾರಾದ್ರೂ? ನಿಮ್ಮ ಸ್ಕೂಲಲ್ಲಿ ಇದನ್ನೇ ಹೇಳಿಕೊಡೋದಾ?"

ಅವಳು ಬಾಣಗಳನ್ನು ವಿವರಿಸಿದಳು. ಭಾವ ಬಕೆಟ್ಟು ಕೆಳಗಿಡಲಿಲ್ಲ. ನಾನು ಫೋನು ತೆಗೆದು ವಿಡಿಯೋದ ಆ ಉದ್ದದ ಭಾಗ ಹಾಕಿದೆ. "ಮುಚ್ಚಪ್ಪಾ ಅದನ್ನ" ಅಂದರು ಇಬ್ಬರೂ.

ಆಮೇಲೆ ಅಕ್ಕ ದನಿ ಇಳಿಸಿ ಕೇಳಿದಳು: "ಹುಳು ಜ್ವರಕ್ಕೆ ಕೂತಾಗ ನೀವು ಏನು ಮಾಡ್ತೀರ?"

ರೇಷ್ಮೆ ಹುಳು ಪೊರೆ ಕಳಚುವ ಮುಂಚೆ ತಲೆ ಎತ್ತಿ ಅಲುಗಾಡದೆ ಕೂತುಬಿಡುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ; ಒಂದು ಬೆಳೆಗೆ ನಾಲ್ಕು ಜ್ವರ. ಆಗ ಸೊಪ್ಪು ಹಾಕುವಂತಿಲ್ಲ, ತಟ್ಟೆ ಮುಟ್ಟುವಂತಿಲ್ಲ, ಹುಳು ಮನೆಯಲ್ಲಿ ಜೋರಾಗಿ ಮಾತಾಡಿದರೂ ಭಾವ ಕೆಕ್ಕರಿಸುತ್ತಾರೆ.

"ಏನ್ ಮಾಡ್ತಾರೆ, ಮುಟ್ಟಲ್ಲ."

"ಇದು ಈಗ ಜ್ವರಕ್ಕೆ ಕೂತಿದೆ."

ಭಾವ ಅವಳನ್ನು ನೋಡಿದರು. ಕಂದು ಲೋಳೆಯನ್ನು ನೋಡಿದರು. ಎಷ್ಟೋ ಬೆಳೆಗಳನ್ನು ಕಂಡ ಮನುಷ್ಯ ಪೂರ್ತಿ ಗಂಭೀರವಾಗಿ ಕೇಳಿದರು: "ಎಷ್ಟನೇ ಜ್ವರ?"

"ಮೊದಲನೇದು" ಅಂದಳು ಅಕ್ಕ.

ಅವರು ನಂಬಿದರಾ? ಗೊತ್ತಿಲ್ಲ. ಹೆಂಡತಿಯ ಮುಂದೆ ಮರ್ಯಾದೆಯಾಗಿ ಸೋಲಲು ಒಂದು ದಾರಿ ಸಿಕ್ಕಿತು ಅಂತ ಹಿಡಿದುಕೊಂಡಿರಬಹುದು. ಬಕೆಟ್ಟು ಎತ್ತಿಕೊಂಡು ಹೋಗಿ ಬಚ್ಚಲು ತೊಳೆದರು. ಅಷ್ಟು ಪುಡಿ ಕಲಸಿದ ಮೇಲೆ ಏನನ್ನಾದರೂ ತೊಳೆಯಲೇಬೇಕಲ್ಲ.

ವಾರಗಳು ಕಳೆದ ಹಾಗೆ ಲೋಳೆ ದಪ್ಪವಾಯಿತು, ಮೀನಿನ ಮೈಮೇಲೆ ಕೆಂಪು ಚುಕ್ಕಿ ಚುಕ್ಕಿಯಾಗಿ ಮರಳಿತು. ಕೆರೆಯ ಮಾತು ನಿಂತಿತು. ಭಾವ ಈಗ ನೆಂಟರು ಬಂದರೆ ಎರಡನೇ ಕೋಣೆಯ ಮುಂದೆ ಅವರನ್ನು ಪಿಸುದನಿಯಲ್ಲಿ ಮಾತಾಡಿಸುತ್ತಾರೆ. ಮುಟ್ಟಲು ಹೋದ ಕೈವಾರದ ಬೀಗರ ಕೈಗೆ ಒಂದು ಏಟು ಬಿತ್ತು. ಆ ಲೋಳೆಯನ್ನು ತಾವೇ ಸಾಕಿದ್ದು ಅಂತ ಹೇಳುತ್ತಾರೆ. ಒಂದು ಲೆಕ್ಕಕ್ಕೆ ಅದೂ ಸುಳ್ಳಲ್ಲ.

ಹೋದ ಸಲ ನಾನು ಹೋದಾಗ ಅಕ್ಕ ಸೀಗಡಿಯ ಚೂರು ಹಿಡಿದು ನೀರಿಗೆ ಬೆರಳಿಟ್ಟಿದ್ದಳು. ಮೀನು ಬಂದು ಚೂರನ್ನೂ ಬೆರಳನ್ನೂ ಒಟ್ಟಿಗೆ ಕಚ್ಚಿತು. ಅವಳು ಕೈ ತೆಗೆಯಲಿಲ್ಲ. ಭಾವ ಹಿಂದೆ ನಿಂತಿದ್ದರು, ಎರಡೂ ಕೈ ಬೆನ್ನಿಗೆ ಕಟ್ಟಿಕೊಂಡು.

"ನಾಲ್ಕನೇ ಜ್ವರ ಎದ್ದು ಬೆಳೆ ಮುಗಿದಮೇಲೆ ಮನೆ ತೊಳೀಲೇಬೇಕು ಕಣೇ" ಅಂದರು. "ಅದು ಪದ್ಧತಿ. ಈಗ ಎಷ್ಟಾಯ್ತು?"

"ಇನ್ನೂ ಎರಡನೇದು ರೀ" ಅಂದಳು ಅಕ್ಕ, ಮೀನಿನಿಂದ ಕಣ್ಣು ಕೀಳದೆ. "ಇದರದು ಬಲು ನಿಧಾನ."