ಎಡೆ ಹಿಡಿಯದ ಅಮಾವಾಸ್ಯೆಗಳು

ನಮ್ಮ ಮನೆಗೆ ಡಿಗ್ರಿ ಬರುವುದು ಆಗದ ಮಾತು ಎಂದು ಮೊದಲು ಹೇಳಿದವರು ನಮ್ಮ ದೊಡ್ಡಪ್ಪ. ನಾನು ಹುಬ್ಬಳ್ಳಿಯಲ್ಲಿ ನರ್ಸಿಂಗ್ ಕಾಲೇಜು ಸೇರುತ್ತೇನೆ ಎಂದಾಗ, ನಮ್ಮೂರು ಸಂಶಿಯಲ್ಲಿ ಮನೆಯ ಕಟ್ಟೆಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತ ಅಪ್ಪನಿಗೆ ಹೇಳಿದರು: “ತಾಯಿಲ್ಲದ ಮನಿ. ಮಗ ನೋಡಿದ್ರ ಗುಳಗಿ ಮ್ಯಾಲೆ ಬದುಕ್ಯಾನ. ಇನ್ನ ಈಕಿ ಡಿಗ್ರಿ ಮಾಡ್ತಾಳ? ಬರದಿಟ್ಕೋ, ಆಗೂದಿಲ್ಲ.”

ಅಪ್ಪ ಬರೆದಿಡಲಿಲ್ಲ. ಅಪ್ಪನಿಗೆ ಬರೆಯಲು ಬರುತ್ತಿರಲಿಲ್ಲ. ಮರುದಿನ ಕಾಲೇಜಿನ ಅರ್ಜಿಗೆ ಫೋಟೊ ತೆಗೆಸಲು ನನ್ನನ್ನು ಕರೆದುಕೊಂಡು ಹೋದ.

ಮನೆಯ ಬಗ್ಗೆ ದೊಡ್ಡಪ್ಪ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಅಣ್ಣನ ಎರಡೂ ಕಿಡ್ನಿ ಕೆಟ್ಟಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅವ್ವ ತನ್ನದೊಂದನ್ನು ಕೊಟ್ಟಳು. ಅವನ ಹಳೆಯ ಕಿಡ್ನಿಗಳು ಬೆನ್ನಿನ ಕಡೆ ತಮ್ಮ ಜಾಗದಲ್ಲಿಯೇ ಉಳಿದವು. ಅವ್ವನದನ್ನು ಬಲಗಡೆ ಕಿಬ್ಬೊಟ್ಟೆಯಲ್ಲಿ ಕೂಡಿಸಿ, ಅದರ ಮೂತ್ರನಾಳವನ್ನು ಅವನ ಮೂತ್ರಕೋಶಕ್ಕೆ ಜೋಡಿಸಿದರು. ಮೇಲಿಂದ ಕೈಯಿಟ್ಟರೆ ಒಳಗೆ ಗಟ್ಟಿಯಾಗಿ ಸಿಗುತ್ತಿತ್ತು. ನಾನು ಪಿಯುಸಿಯಲ್ಲಿದ್ದಾಗ ಅವ್ವ ಹೊಲದಲ್ಲಿ ಮೆಣಸಿನಕಾಯಿ ಬಿಡಿಸುತ್ತಿದ್ದವಳು ಎದೆನೋವು ಬಂದು ಅಲ್ಲಿಯೇ ತೀರಿಕೊಂಡಳು. ಕಿಡ್ನಿ ಕೊಟ್ಟದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರು ಹೇಳಿದರು. ಊರು ನಂಬಲಿಲ್ಲ. ಅಣ್ಣ ನಂಬಿದನೋ ಇಲ್ಲವೋ, ನಾನು ಕೇಳಲಿಲ್ಲ. ಅವ್ವನನ್ನು ಅದೇ ಹೊಲದ ಬದುವಿನ ಬಳಿ ಮಣ್ಣು ಮಾಡಿದೆವು.

ಆ ವರ್ಷ ಮಹಾನವಮಿ ಅಮಾವಾಸ್ಯೆ ಬಂತು. ನಮ್ಮ ಕಡೆ ಅವತ್ತು ಮನೆಯಲ್ಲಿ ತೀರಿಹೋದ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಹೋಳಿಗೆಯ ಎಡೆ ಹಿಡಿಯುತ್ತಾರೆ. ಅಪ್ಪ ಅವ್ವನ ಹೆಸರಿನಲ್ಲಿ ಒಂದು ಸೀರೆ ತಂದಿದ್ದ. ಆಯಿ, ಅಂದರೆ ಅವ್ವನ ತಾಯಿ, ಸೀರೆಯನ್ನು ಎತ್ತಿ ಟ್ರಂಕಿನಲ್ಲಿಟ್ಟು ಕೀಲಿ ಹಾಕಿದಳು.

“ಆಕಿ ಪೂರಾ ಹೋಗಿಲ್ಲ,” ಎಂದಳು. “ಇನ್ನೂ ಇವನ ಹೊಟ್ಯಾಗ ಜೀವ ಹಿಡದಾಳ. ಬದುಕಿದಾಕಿಗೆ ಎಡಿ ಹಿಡೀತಾರೇನು?”

ಅಣ್ಣ ನಕ್ಕ. “ಆಯಿ, ಇದು ಬರೇ ಮಾಂಸ. ಸೋಸೂ ಕೆಲಸ ಮಾಡತೈತಿ ಅಷ್ಟ. ಟ್ರ್ಯಾಕ್ಟರಿಗೆ ಬ್ಯಾರೆ ಫಿಲ್ಟರ್ ಹಾಕ್ಸಿದಂಗ.”

“ಫಿಲ್ಟರ್ ನಿನ್ನ ಹಡದಿತ್ತೇನಲೇ?”

ಅಲ್ಲಿಗೆ ಮಾತು ಮುಗಿಯಿತು. ಎಡೆ ಹಿಡಿಯಲಿಲ್ಲ. ಮುಂದಿನ ವರ್ಷಗಳಲ್ಲೂ ಹಿಡಿಯಲಿಲ್ಲ. ಆಯಿ ಬಂದಾಗಲೆಲ್ಲ ಅಣ್ಣನನ್ನು ಮಲಗಿಸಿ, ಬಲಗಡೆ ಅಂಗೈಯಿಟ್ಟು ಸುಮ್ಮನೆ ಕೂಡುತ್ತಿದ್ದಳು. ಒಮ್ಮೊಮ್ಮೆ ಅವಳ ತುಟಿ ಅಲ್ಲಾಡುತ್ತಿತ್ತು. ಎಲ್ಲ ಗೊತ್ತಿದ್ದೇ ಅಣ್ಣನನ್ನು ಮದುವೆಯಾಗಿ ಬಂದ ವೈನಿ ಮೊದಮೊದಲು ಹೆದರಿದಳು. ಆಮೇಲೆ ಅವಳೇ ತಮಾಷೆ ಮಾಡತೊಡಗಿದಳು: “ಎಲ್ಲಾರ ಮನ್ಯಾಗ ಅತ್ತಿ ಹ್ವಾದ ಮ್ಯಾಲೆ ಸೊಸಿ ಯಜಮಾನಿ ಆಗ್ತಾಳ. ನನ್ನ ಹಣೇಬರಾ ನೋಡ್ರಿ, ನಮ್ಮತ್ತಿ ನನ್ನ ಗಂಡನ ಹೊಟ್ಯಾಗ ಕುಂತು ಕಾಯಾಕ ಹತ್ಯಾರ.” ನಾವು ನಗುತ್ತಿದ್ದೆವು. ಆದರೆ ಅಣ್ಣನ ಜೊತೆ ಜಗಳವಾಡುವಾಗ ಅವಳು ಅವನ ಎಡಗಡೆಯೇ ನಿಲ್ಲುತ್ತಿದ್ದುದನ್ನು ನಾನು ನೋಡಿದ್ದೇನೆ.

ಕಾಲೇಜಿನಲ್ಲಿ ನಾನು ಕಿಡ್ನಿಯ ಚಿತ್ರ ಬರೆದೆ, ಭಾಗಗಳನ್ನು ಬಾಯಿಪಾಠ ಮಾಡಿದೆ, ಪರೀಕ್ಷೆಯಲ್ಲಿ ಒಳ್ಳೆಯ ಅಂಕ ತೆಗೆದೆ. ಅಂಗಾಂಗಕ್ಕೆ ನೆನಪಿಲ್ಲ, ಮನಸ್ಸಿಲ್ಲ ಎಂದು ಯಾರಿಗೆ ಬೇಕಾದರೂ ವಿವರಿಸಬಲ್ಲವಳಾಗಿದ್ದೆ. ರಜೆಗೆ ಊರಿಗೆ ಬಂದರೆ ಮಾತ್ರ, ಅಣ್ಣ ಊಟಕ್ಕೆ ಕೂತಾಗ ನಾನು ನನಗೇ ಗೊತ್ತಿಲ್ಲದೆ ಅವನ ಬಲಗಡೆ ಹೋಗಿ ಕೂಡುತ್ತಿದ್ದೆ.

ಕೊನೆಯ ವರ್ಷದಲ್ಲಿದ್ದಾಗ ವೈನಿ ಫೋನ್ ಮಾಡಿದಳು. “ನಿಮ್ಮಣ್ಣಗ ತೊಡಿಸಂದ್ಯಾಗ ಗಂಟು ಬಂದೈತ್ರಿ. ಯಾರ ಮುಂದನೂ ಹೇಳಬ್ಯಾಡ ಅಂದಾರ. ಅದಕ್ಕ ನಿಮ್ಮ ಮುಂದ ಹೇಳಾಕ ಹತ್ತೇನಿ.”

ಅಣ್ಣನ ಕಿರಾಣಿ ಅಂಗಡಿಗೆ ಅಕ್ಕಿ ಚೀಲ ಬಂದಾಗ ಹಮಾಲರು ಇರಲಿಲ್ಲವಂತೆ. ತಾನೇ ಎತ್ತಿದ್ದ. ಆಮೇಲೆ ಬಲಗಡೆ, ಅವ್ವನ ಕಿಡ್ನಿಯ ಕೆಳಗೆ, ನಿಂತರೆ ಉಬ್ಬಿ ಮಲಗಿದರೆ ಒಳಗೆ ಹೋಗುವ ಗಂಟು. ಊರ ಕಡೆಯ ಡಾಕ್ಟರು ನೋಡಿ, ಹರ್ನಿಯಾ, ಸಣ್ಣ ಆಪರೇಷನ್, ಮುಂದಿನ ವಾರವೇ ಇಲ್ಲಿಯೇ ಮಾಡಬಹುದು ಎಂದಿದ್ದರು.

ನಾನು ಊರಿಗೆ ಹೋದೆ. ಮನೆಯಲ್ಲಿ ಬೇರೆಯೇ ತೀರ್ಮಾನವಾಗಿತ್ತು. ಆಯಿ ಟ್ರಂಕು ತೆಗೆದು ಆ ಸೀರೆಯನ್ನು ಬಿಸಿಲಿಗೆ ಹಾಕಿದ್ದಳು. ಅಮಾವಾಸ್ಯೆ ಹತ್ತಿರವಿತ್ತು.

“ಗಂಟಲ್ಲ ಅದು,” ಎಂದಳು ಆಯಿ. “ನಿಮ್ಮವ್ವ ಇಳದಾಳ. ಹೊರಗ ಬರಾಕ ದಾರಿ ಹುಡುಕಾಕ ಹತ್ಯಾಳ. ನಾವು ಹಿಡಕೊಂಡು ಕುಂತಿದ್ದು ತಪ್ಪಾತು. ಈ ಸಲ ಎಡಿ ಹಿಡದು ಬಿಟ್ಟುಕೊಡೂಣು.”

ದೊಡ್ಡಪ್ಪನೂ ತಲೆಯಾಡಿಸಿದರು. “ಹೋಗಾಕಿನ್ನ ತಡೀಬಾರ್ದು.”

ಅಣ್ಣ ಮಂಚದ ಮೇಲೆ ಮಲಗಿದ್ದ. ಅವನ ಪಾದಗಳು ಊದಿ ಹೊಳೆಯುತ್ತಿದ್ದವು, ಕಿಡ್ನಿ ಸೋಸುವುದು ಕಡಿಮೆಯಾದಾಗ ಆಗುವ ಹಾಗೆ. ಈ ಮನೆಯಲ್ಲಿ ಓದಿದವಳು ನಾನೊಬ್ಬಳೇ. ಅದು ಹಾಗಲ್ಲ ಎಂದು ನಾನು ಹೇಳಬೇಕಿತ್ತು. ಅದರ ಬದಲು ಆಯಿಯ ಕೈ ಹಿಡಿದು, “ಆಯಿ, ಈ ವರ್ಷ ಬ್ಯಾಡ. ನಿನ್ನ ಕಾಲ ಬೀಳ್ತೇನಿ, ಬಿಟ್ಟುಕೊಡಬ್ಯಾಡ,” ಎಂದೆ. ಅವ್ವ ಅಲ್ಲಿ ಇದ್ದಾಳೆ ಎಂದು ನಂಬಿದವಳ ಹಾಗೆ ಬೇಡಿಕೊಂಡೆ.

ಕಿಡ್ನಿ ಹಾಕಿಸಿಕೊಂಡವರನ್ನು ಎಲ್ಲೆಂದರಲ್ಲಿ ಕೊಯ್ಯಿಸಬಾರದು ಎಂಬುದಷ್ಟು ನನಗೆ ಗೊತ್ತಿತ್ತು. ಅಣ್ಣನನ್ನು ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅಲ್ಲಿನ ಸರ್ಜನ್ ಮೇಡಂ ಗಂಟನ್ನು ಒತ್ತಿ ನೋಡುತ್ತ, ಮೂತ್ರ ಹೇಗೆ ಹೋಗುತ್ತದೆ ಎಂದು ಕೇಳಿದರು. ಅಣ್ಣ ನಾಚಿಕೊಂಡ. ವೈನಿ ಉತ್ತರಿಸಿದಳು: “ಅಂಗಡ್ಯಾಗ ನಿಂತಾಗ ಹೋಗೂದ ಇಲ್ರಿ. ಮನಿಗೆ ಬಂದು ಮಲಗಿ, ಗಂಟು ಒಳಗ ಹ್ವಾದ ಮ್ಯಾಲೆ ಒಮ್ಮೆಲೆ ಹೋಗತೈತ್ರಿ.”

ಮೇಡಂ ಒತ್ತುವುದನ್ನು ಅಲ್ಲಿಗೇ ನಿಲ್ಲಿಸಿದರು. ಸ್ಕ್ಯಾನ್ ಬರೆದುಕೊಟ್ಟರು.

ಸ್ಕ್ಯಾನಿನಲ್ಲಿ ಕಂಡದ್ದನ್ನು ನೋಡಲು ಬೇರೆ ಡಾಕ್ಟರುಗಳೂ ಬಂದರು. ಹರ್ನಿಯಾದಲ್ಲಿ ಸಾಮಾನ್ಯವಾಗಿ ಇಳಿಯುವುದು ಕರುಳು. ಇಲ್ಲಿ ಇಳಿದಿದ್ದುದು ಅವ್ವನ ಕಿಡ್ನಿಯ ಮೂತ್ರನಾಳ. ಅದು ತೊಡೆಸಂದಿಗೆ ಜಾರಿ, ನೀರಿನ ಪೈಪು ಮಡಚಿದ ಹಾಗೆ ಮಡಚಿಕೊಂಡಿತ್ತು. ಮೂತ್ರ ಕೆಳಗೆ ಇಳಿಯದೆ ಕಿಡ್ನಿ ಉಬ್ಬಿತ್ತು. “ಇಂಥದ್ದನ್ನ ಪುಸ್ತಕದಾಗ ಓದಿದ್ದೆ, ಕಣ್ಣಿಲೆ ನೋಡಿರಲಿಲ್ಲ,” ಎಂದರು ಮೇಡಂ. “ಸಾದಾ ಹರ್ನಿಯಾ ಅಂತ ತಿಳಿದು ಗಂಟನ್ನ ಕಟ್ಟಿ ಕತ್ತರಿಸಿದ್ದರ ಈ ನಾಳ ತುಂಡಾಗಿ ಕಿಡ್ನಿ ಹೋಗ್ತಿತ್ತು.”

ನನಗೆ ಆಯಿಯ ಮಾತು ನೆನಪಾಯಿತು. ಇಳದಾಳ ಎಂದಿದ್ದಳಲ್ಲ.

ಮೊದಲು ಹೊಟ್ಟೆಯ ಮೇಲಿಂದ ಕಿಡ್ನಿಗೆ ಒಂದು ಸಣ್ಣ ನಳಿಕೆ ಹಾಕಿ, ಕಟ್ಟಿದ್ದ ಮೂತ್ರ ಹೊರಗೆ ತೂಗುಹಾಕಿದ ಪ್ಲಾಸ್ಟಿಕ್ ಚೀಲಕ್ಕೆ ಇಳಿಯುವಂತೆ ಮಾಡಿದರು. ಚೀಲ ತುಂಬುವುದನ್ನು ನಾನು ಅಲ್ಲಿಯೇ ಕೂತು ನೋಡಿದೆ. ಜೀವವಿದ್ದಾಗ ಅವ್ವ ಖಾಲಿ ಕೂತದ್ದನ್ನು ನಾನು ಕಂಡವಳಲ್ಲ. ಈಗಲೂ ಕೂತಿರಲಿಲ್ಲ. ಹನಿ ಹನಿಯಾಗಿ ದುಡಿಯುತ್ತಲೇ ಇದ್ದಳು.

ಆಪರೇಷನ್ ಅಮಾವಾಸ್ಯೆಯ ದಿನವೇ ಬಂತು. ಮನೆಯವರು ಒಳಗೆ ಬರುವಂತಿಲ್ಲ. ಆದರೂ ವಿದ್ಯಾರ್ಥಿನಿ ಎಂದು ಕಾಲೇಜಿನ ಮೂಲಕ ಕೇಳಿಕೊಂಡದ್ದಕ್ಕೆ, ಏನೂ ಮುಟ್ಟದೆ ಹಿಂದೆ ನಿಲ್ಲಬೇಕೆಂಬ ಮಾತಿನ ಮೇಲೆ ಮೇಡಂ ಒಪ್ಪಿದರು. ಒಳಗೆ ಹೋಗುವ ಮೊದಲು ಆಯಿಯ ಫೋನ್ ಬಂತು.

“ಒಲಿ ಹಚ್ಚೇನಿ. ಬ್ಯಾಳಿ ಕುದಿಯಾಕ ಹತ್ತೈತಿ. ಎಡಿ ಹಿಡೀಲ್ಯೋ ಬ್ಯಾಡೋ, ನೀ ಓದಿದಾಕಿ, ನೀನ ಹೇಳು.”

“ಬ್ಯಾಡ ಆಯಿ,” ಎಂದೆ. “ಆಕಿ ಇನ್ನೂ ಕೆಲಸದಾಗ ಅದಾಳ.”

ಆಚೆಯಿಂದ ಗ್ಯಾಸ್ ಆರಿಸಲು ಗುಂಡಿ ತಿರುಗಿಸಿದ ಸದ್ದು.

ಆಪರೇಷನ್ ಕೋಣೆಯಲ್ಲಿ ಅಣ್ಣನ ಮುಖ ಕಾಣುತ್ತಿರಲಿಲ್ಲ. ಹಸಿರು ಬಟ್ಟೆಯ ನಡುವೆ ಒಂದು ಗೇಣು ಚರ್ಮ ಮಾತ್ರ. ಮೇಡಂ ಪದರ ಪದರವಾಗಿ ಬಿಡಿಸುತ್ತ ಹೋದರು. ಹರ್ನಿಯಾದ ಚೀಲ, ಕೊಬ್ಬು, ಹಳೆಯ ಆಪರೇಷನ್ನಿನ ಗಾಯ ಎಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಬೆರಳಿನಷ್ಟು ದಪ್ಪದ ಒಂದು ಮಡಿಕೆಯ ಬಳಿ ಅವರ ಕೈ ನಿಂತಿತು. ಅದು ಚೀಲದ ಭಾಗವೋ ನಾಳವೋ ನನಗಂತೂ ತಿಳಿಯಲಿಲ್ಲ.

“ನೋಡ್ರಿ ಈಗ,” ಎಂದು, ಚಿಮಟದ ತುದಿಯಿಂದ ಅದನ್ನು ಮೆಲ್ಲಗೆ ಚಿವುಟಿ ಕೈ ತೆಗೆದು ಕಾದರು.

ಏನೂ ಆಗಲಿಲ್ಲ. ಆಮೇಲೆ ಅದು ಅಲುಗಿತು. ಮಳೆ ಬಿದ್ದ ಮೇಲೆ ಎರೆಹುಳ ಮೈ ಸರಿಸುವ ಹಾಗೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಒಂದು ಅಲೆ ಸಾಗಿತು.

ಮೂತ್ರನಾಳದ ಗೋಡೆಯಲ್ಲಿ ಸ್ನಾಯುವಿದೆ, ಮುಟ್ಟಿದರೆ ಸಂಕೋಚಿಸುತ್ತದೆ. ಅದನ್ನು ಗುರುತಿಸುವ ರೀತಿಯೇ ಅದು. ನನಗೆ ಗೊತ್ತಿತ್ತು. ಆದರೆ ನಾನು ನನ್ನ ಕೈಯಿಂದ ಯಾರ ಮುಖದ ಮೇಲೆ ಮಣ್ಣು ಹಾಕಿ ಬಂದಿದ್ದೆನೋ ಅವಳು ಅಲ್ಲಿ, ದೀಪದ ಕೆಳಗೆ, ಚಿವುಟಿದ್ದಕ್ಕೆ ಸರಿದಾಡಿದಳು. ಮಾಸ್ಕಿನೊಳಗೆ ನನ್ನ ಬಾಯಿ ಅವ್ವಾ ಎಂದಿತು.

ನಾಳವನ್ನು ಮೇಲಕ್ಕೆ ಸರಿಸಿ, ಉದ್ದವಾಗಿದ್ದುದನ್ನು ಗಿಡ್ಡ ಮಾಡಿ ಮತ್ತೆ ಜೋಡಿಸಿದರು. ಹರ್ನಿಯಾ ಮುಚ್ಚಿದರು. ಕಿಡ್ನಿ ಉಳಿಯಿತು. ಮೊದಲಿನ ಶಕ್ತಿ ಪೂರ್ತಿ ಬರಲಿಲ್ಲ. ಕೆಲವು ವರ್ಷ ನಡೆಯುತ್ತದೆ, ಎಷ್ಟು ಎಂದು ಹೇಳಲಾಗದು ಎಂದರು.

ಅಣ್ಣ ಎದ್ದು ಕೂಡುವಂತಾದ ಮೇಲೆ ನಾನು ಕಂಡದ್ದನ್ನು ಅವನಿಗೆ ಹೇಳಿದೆ. ಅದು ಬರೇ ಸ್ನಾಯುವಿನ ಚಲನೆ ಎಂಬುದನ್ನೂ ಹೇಳಿದೆ. ಅವನು ನಗಬಹುದು, ಫಿಲ್ಟರ್ ಎನ್ನಬಹುದು ಎಂದುಕೊಂಡಿದ್ದೆ.

“ಎಷ್ಟೊತ್ತು ಅಲಗ್ಯಾಡ್ತು?” ಎಂದು ಕೇಳಿದ.

“ಒಂದ ಉಸರಿನಷ್ಟು.”

ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ. “ಅಕ್ಕಿ ಚೀಲ ಎತ್ತಬಾರ್ದಿತ್ತು ನಾ. ಆಕಿಗೆ ನೋವಾಗಿರಬೇಕು,” ಎಂದ.

ಈಗ ನಾನು ಕೆಲಸ ಮಾಡುವ ವಾರ್ಡಿನಲ್ಲಿ ಎಷ್ಟೋ ಜನರ ರಕ್ತದ ವರದಿ ನನ್ನ ಕೈಯಲ್ಲಿ ಹಾದುಹೋಗುತ್ತದೆ, ನಿಂತಲ್ಲೇ ಓದಿ ಮುಂದಕ್ಕೆ ಕೊಡುತ್ತೇನೆ. ಅಣ್ಣನ ವರದಿಯನ್ನು ವೈನಿ ಫೋನಿಗೆ ಕಳಿಸಿದಾಗ ಮಾತ್ರ ತೆರೆಯುವ ಮೊದಲು ಎಲ್ಲಿಯಾದರೂ ಕೂಡಬೇಕಾಗುತ್ತದೆ. ಮಣ್ಣು ಮಾಡಿದವಳನ್ನು ಇನ್ನೊಮ್ಮೆ ಕಳೆದುಕೊಳ್ಳುವುದು ಬಾಕಿಯಿದೆ, ಅದರ ಸುದ್ದಿ ಒಂದು ದಿನ ಹೀಗೆಯೇ ಬರುತ್ತದೆ ಎಂಬುದು ನನಗೆ ಗೊತ್ತು.

ಆ ಆಪರೇಷನ್ನಿನ ಮುಂದಿನ ಬೇಸಿಗೆಯಲ್ಲಿ ನಮ್ಮ ಕಾಲೇಜಿನ ಪದವಿ ಪ್ರದಾನವಾಯಿತು. ಅಪ್ಪ, ಅಣ್ಣ, ವೈನಿ ಬಸ್ಸಿನಲ್ಲಿ ಬಂದರು. ವೇದಿಕೆಯ ಮೇಲೆ ಬಾಗಿ ಸರ್ಟಿಫಿಕೇಟು ತೆಗೆದುಕೊಂಡೆ. ಹೊರಗೆ ಬಂದು ಅದನ್ನು ಅಪ್ಪನ ಕೈಗೆ ಕೊಟ್ಟೆ. ಅಪ್ಪ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು ಹಿಡಿದುಕೊಂಡ, ಆಮೇಲೆ ಅಣ್ಣನ ಕೈಗೆ ದಾಟಿಸಿದ. ಅಣ್ಣ ಹತ್ತನೆಯ ತರಗತಿಗೆ ಶಾಲೆ ಬಿಟ್ಟವನು. ಇಂಗ್ಲಿಷಿನಲ್ಲಿದ್ದುದರ ಮೇಲೆ ಕಣ್ಣಾಡಿಸಿ ನನಗೇ ವಾಪಸು ಕೊಟ್ಟ. ಅಂಗಿಯ ಮೇಲಿಂದಲೇ ಬಲಗೈಯನ್ನು ಕಿಬ್ಬೊಟ್ಟೆಯ ಮೇಲಿಟ್ಟುಕೊಂಡು ನನ್ನೆದುರು ನಿಂತ.

“ಜೋರಾಗಿ ಓದು,” ಎಂದ. “ಸಾವಕಾಶ ಓದು. ಆಕಿಗೆ ಇಂಗ್ಲಿಷ್ ಬರೂದಿಲ್ಲ.”