ನಾಗಭೂಷಣರ ಸೂಟ್‌ಕೇಸು

ಅಂಟಿಗೂ ವಯಸ್ಸಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಇವತ್ತು ಬೆಳಿಗ್ಗೆ ಟೋಟೆಮ್ ಲೇಕ್ ಬಡಾವಣೆಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಬಟ್ಟೆಯ ಕ್ಲಾಸೆಟ್ ಖಾಲಿ ಮಾಡಲು ಕೂತಿದ್ದೆ. ಮಳೆ ಕೋಟುಗಳ ಹಿಂದಿನಿಂದ ಒಂದು ಚಕ್ರ ಮುರಿದ ಕಂದು ಸೂಟ್‌ಕೇಸು ಹೊರಬಂತು. ಜಿಪ್ ಎಳೆದೆ ನೋಡಿ, ಹಳೇ ಅಂಟಿನ ಹುಳಿ ವಾಸನೆ ಮೂಗಿಗೆ ಬಡಿದು, ಕೆಂಪು, ಹಸಿರು, ಹಳದಿ ಚೀಟಿಗಳು ಕಾರ್ಪೆಟ್ಟಿನ ಮೇಲೆ ಉದುರಿದವು. ಒಳಗೆ ಹಾಳೆ ತುಂಬಿದ ನಾಲ್ಕು ದಪ್ಪ ಬೈಂಡರುಗಳು. ಕೆಂಪು ಚೀಟಿ ಮಣ್ಣಿನ ಲೆಕ್ಕಕ್ಕೆ, ಹಸಿರು ನೀರಿನದಕ್ಕೆ, ಹಳದಿ ರಸ್ತೆಯದಕ್ಕೆ. ಈ ಬಣ್ಣಗಳ ಗುರುತನ್ನು ನಾನು ಮರೆತಿಲ್ಲ, ಏಕೆಂದರೆ ಒಂದು ಕಾಲದಲ್ಲಿ ಅದನ್ನು ಹೇಳಿಕೊಂಡು ನಗುವುದೇ ನನಗೊಂದು ಕೆಲಸವಾಗಿತ್ತು.

ಸೂಟ್‌ಕೇಸು ನಾಗಭೂಷಣ ಅವರದು. ದಾವಣಗೆರೆಯವರು, ಈಗ ಅರವತ್ತು ದಾಟಿದೆ. ಓದಿದ್ದು ಸಿವಿಲ್ ಎಂಜಿನಿಯರಿಂಗ್, ಹೊಟ್ಟೆಪಾಡಿಗೆ ಹಿಡಿದದ್ದು ಇಲ್ಲಿಂದ ಮುಕ್ಕಾಲು ಗಂಟೆ ದೂರದ ಕೆಂಟ್‌ನಲ್ಲಿ ವಿಮಾನದ ಬಿಡಿಭಾಗ ಮಾಡುವ ಕಂಪನಿ. ಅವರನ್ನು ಪರಿಚಯಿಸುವ ಮೊದಲು ಪರೀಕ್ಷೆಯನ್ನು ಪರಿಚಯಿಸಬೇಕು. ಈ ದೇಶದಲ್ಲಿ ಸಿವಿಲ್ ಎಂಜಿನಿಯರೊಬ್ಬಳು ತಾನು ಬರೆದ ನಕ್ಷೆಗೆ ತನ್ನ ಹೆಸರಿನ ಸೀಲು ಹಾಕಬೇಕಾದರೆ ಪಿ.ಇ. ಎಂಬ ಪರೀಕ್ಷೆ ಪಾಸು ಮಾಡಿ ರಾಜ್ಯದಿಂದ ಲೈಸೆನ್ಸು ತೆಗೆದುಕೊಳ್ಳಬೇಕು. ಎಂಬತ್ತು ಪ್ರಶ್ನೆ, ಎಂಟು ಗಂಟೆ. ಅಲ್ಲಿಯವರೆಗೆ ನೀವು ಲೆಕ್ಕ ಹಾಕಬಹುದು, ಗೆರೆ ಎಳೆಯಬಹುದು, ಕೆಸರಲ್ಲಿ ನಿಂತು ಗುಂಡಿ ನೋಡಬಹುದು. ಸೀಲು ಮಾತ್ರ ಬೇರೆಯವರದು.

ನನ್ನ ಗಂಡನಿಗೆ ಈ ರಗಳೆಯಿಲ್ಲ. ಅವನು ಫ್ಯಾಕ್ಟೋರಿಯಾ ಎಂಬ ಬಡಾವಣೆಯಲ್ಲಿ ಸಾಫ್ಟ್‌ವೇರಿನವನು, ಎಂಜಿನಿಯರ್ ಎಂಬ ಪದದ ಹಿಂದೆ ಎರಡೆರಡು ವಿಶೇಷಣ ಅಂಟಿಸಿಕೊಂಡವನು. ಅವನನ್ನು ಯಾರೂ ಪರೀಕ್ಷೆಗೆ ಕೂರು ಎನ್ನಲಿಲ್ಲ. ಅವನು ಕಟ್ಟಿದ್ದು ಬಿದ್ದರೆ ಇನ್ನೊಂದು ಸಲ ಸ್ಟಾರ್ಟ್ ಮಾಡುತ್ತಾರೆ. ನಾನು ಕಟ್ಟಿದ ತಡೆಗೋಡೆ ಬಿದ್ದರೆ ಹಿಂದಿನ ಗುಡ್ಡ ಯಾರದೋ ಅಡುಗೆಮನೆಗೆ ಬರುತ್ತದೆ. ಕನ್ನಡದವರ ಊಟದ ಪಾರ್ಟಿಗಳಲ್ಲಿ ಇಂಥ ಮೂವತ್ತು ಎಂಜಿನಿಯರುಗಳ ನಡುವೆ ನಿಂತು, "ನಿಮ್ಮದಿನ್ನೂ ಎಕ್ಸಾಮ್ ಆಗಿಲ್ವಾ?" ಎಂದು ಕೇಳಿಸಿಕೊಳ್ಳುತ್ತಿದ್ದವಳು ನಾನೊಬ್ಬಳೇ.

ಊರಲ್ಲಿ ಎಂಟು ವರ್ಷ ಸೇತುವೆ ಕಟ್ಟಿಸಿದ್ದೆ. ಇಲ್ಲಿ ನನ್ನ ಗೋಡೆಗಳಿಗೆ ಸೀಲು ಹಾಕುತ್ತಿದ್ದ ಬಾಸ್ ನನಗಿಂತ ಹತ್ತು ವರ್ಷ ಚಿಕ್ಕವನು. ಒಳ್ಳೆಯವನೇ. ಹಾಳೆ ತಿರುವಿ, ಚೆನ್ನಾಗಿದೆ ಎಂದು ಹೇಳಿ, ಟಪ್ಪೆಂದು ಒತ್ತುತ್ತಿದ್ದ. ಆ ಟಪ್ ಶಬ್ದ ನನಗೆ ಮೈಯೆಲ್ಲ ಉರಿಸುತ್ತಿತ್ತು. ನನಗೆ ಆ ಸೀಲು ಬೇಕಿತ್ತು, ಅಷ್ಟೇ. ಜ್ಞಾನಕ್ಕಾಗಿ ಓದುತ್ತೇನೆ ಎಂದು ಹೇಳುವವರನ್ನು ನಾನು ನಂಬುವುದಿಲ್ಲ.

ಆಗ ಸಿಕ್ಕಿದವರು ನಾಗಭೂಷಣ. ಶನಿವಾರ ಹತ್ತು ಗಂಟೆಗೆ ನಮ್ಮ ಅಪಾರ್ಟ್‌ಮೆಂಟಿನ ಕಮ್ಯುನಿಟಿ ರೂಮಿನಲ್ಲಿ ಪುಕ್ಕಟೆ ಪಾಠ. ನಾವು ನಾಲ್ಕು ಜನ. ಮೊದಲ ದಿನವೇ ಅವರು ಹೇಳಿಕೊಂಡರು, "ನಾನು ಐದು ಸಲ ಬರ್ದಿದೀನಿ. ಐದೂ ಸಲ ಹೋಯ್ತು. ಅದಕ್ಕೇ ಎಲ್ಲೆಲ್ಲಿ ಬೀಳ್ತಾರೆ ಅಂತ ನಂಗೆ ಚೆನ್ನಾಗ್ ಗೊತ್ತು." ಈಜು ಬಾರದವನ ಹತ್ತಿರ ಈಜು ಕಲಿಯಲು ಬಂದೆನಲ್ಲ ಎಂದು ಹಣೆ ಚಚ್ಚಿಕೊಂಡೆ. ಅದೂ ಅಲ್ಲದೆ ಅವರ ಕೆಲಸಕ್ಕೆ ಲೈಸೆನ್ಸು ಬೇಕಾಗಿಯೂ ಇರಲಿಲ್ಲ. ಮತ್ತೆ ಯಾಕೆ ಸರ್ ಎಂದರೆ, "ಬೇಕು ಅನ್ಸತ್ತಮ್ಮ" ಎನ್ನುತ್ತಿದ್ದರು. ಇದಕ್ಕಿಂತ ಪೊಳ್ಳು ಉತ್ತರ ನಾನು ಕೇಳಿರಲಿಲ್ಲ.

ಇನ್ನು ಆ ಸೂಟ್‌ಕೇಸು. ಹಿಂದೆ ಈ ಪರೀಕ್ಷೆಗೆ ಪುಸ್ತಕ ಒಯ್ಯಬಹುದಿತ್ತು. ಜನ ಮದುವೆಗೆ ಹೊರಟವರ ಹಾಗೆ ಸೂಟ್‌ಕೇಸು ಎಳೆದುಕೊಂಡು ಹೋಗುತ್ತಿದ್ದರಂತೆ. ನಾನು ಬರುವ ಹೊತ್ತಿಗೆ ಎಲ್ಲ ಕಂಪ್ಯೂಟರ್ ಪಾಲಾಗಿತ್ತು. ಈಗ ಜೇಬು ಹೊರಗೆಳೆದು ತೋರಿಸಿ, ಕನ್ನಡಕ ಬಿಚ್ಚಿ ತೋರಿಸಿ, ಕ್ಯಾಲ್ಕುಲೇಟರೊಂದನ್ನೇ ಹಿಡಿದು ಒಳಗೆ ಹೋಗಬೇಕು. ಸೂತ್ರಗಳ ಪುಸ್ತಕ ತೆರೆಯ ಮೇಲೇ ಇರುತ್ತದೆ. ಒಂದು ಕಾಗದದ ಚೂರು ಒಯ್ಯುವಂತಿಲ್ಲ. ಆದರೂ ನಾಗಭೂಷಣ ವಾರವಾರ ಕೆಂಟ್‌ನಿಂದ ಸೂಟ್‌ಕೇಸು ಎಳೆದುಕೊಂಡೇ ಬರುತ್ತಿದ್ದರು. "ಮ್ಯೂಸಿಯಮ್ಮಿಗೆ ಕೊಟ್ಬಿಡಿ ಸರ್" ಎಂದು ನಾನು ಎಲ್ಲರೆದುರು ಹೇಳಿದ್ದೆ. ಉಳಿದ ಮೂವರು ನಕ್ಕರು. ಅವರೂ ನಕ್ಕರು.

ಮೂರನೆಯ ಶನಿವಾರವೋ ನಾಲ್ಕನೆಯದೋ, ನನ್ನ ಪಕ್ಕ ಕೂತು ನಾನು ಒಂದು ಲೆಕ್ಕ ಮಾಡುವುದನ್ನು ನೋಡಿದರು. ಹನ್ನೆರಡು ಅಡಿ ಗೋಡೆ, ಘನ ಅಡಿಗೆ ನೂರಿಪ್ಪತ್ತು ಪೌಂಡ್ ತೂಗುವ ಮಣ್ಣು. ಗೋಡೆಯನ್ನು ಮಣ್ಣು ಎಷ್ಟು ಬಲವಾಗಿ ನೂಕುತ್ತದೆ? ನಾನು ಅಡಿಯನ್ನು ಮೀಟರಿಗೆ ತಂದೆ, ಪೌಂಡನ್ನು ಕಿಲೋನ್ಯೂಟನ್ನಿಗೆ ತಂದೆ, ಚೊಕ್ಕವಾಗಿ ಬಿಡಿಸಿದೆ, ಮತ್ತೆ ಉತ್ತರವನ್ನು ಪೌಂಡಿಗೆ ಒಯ್ದೆ. ನಮ್ಮ ಕಾಲೇಜಿನಲ್ಲಿ ಕಲಿತು ಬಂದವರಿಗೆ ಮಣ್ಣಿನ ಭಾರ ಕೈಗೆ ಹತ್ತುವುದು ಕಿಲೋನ್ಯೂಟನ್ನಿನಲ್ಲೇ. ಅಡಿ, ಇಂಚು, ಪೌಂಡು ಎಂದರೆ ನನಗೆ ಬಟ್ಟೆ ಅಂಗಡಿಯ ಭಾಷೆ.

"ಉತ್ತರ ಸರಿ ಇದೆ ಕಣಮ್ಮ," ಎಂದರು ನಾಗಭೂಷಣ. "ಆದ್ರೆ ಒಂದು ಲೆಕ್ಕಕ್ಕೆ ಎಷ್ಟು ಸಲ ಊರಿಗೆ ಹೋಗಿ ಬರ್ತೀಯಾ? ಇಲ್ಲೇ ಇದ್ದು ಮಾಡು. ಆರು ನಿಮಿಷದ ಪ್ರಶ್ನೆಗೆ ಒಂಬತ್ತು ನಿಮಿಷ ತಗೊಂಡೆ."

"ಸರಿಯಾದ ಯೂನಿಟ್ಟಲ್ಲಿ ಯೋಚ್ನೆ ಮಾಡೋದು ತಪ್ಪಾ ಸರ್?" ಎಂದೆ. ದನಿಯಲ್ಲಿ ಎಂಟು ವರ್ಷದ ಸೇತುವೆಗಳಿದ್ದವು. ಐದು ಸಲ ಬಿದ್ದವರು ನನಗೆ ಹೇಳುವುದೇ? ಮುಂದಿನ ವಾರ ನಾನು ಹೋಗಲಿಲ್ಲ. ಪಾಠವೂ ಆಮೇಲೆ ಹೆಚ್ಚು ದಿನ ನಡೆಯಲಿಲ್ಲವಂತೆ. ಒಂದು ಸಂಜೆ ಅವರು ಸೂಟ್‌ಕೇಸನ್ನು ನಮ್ಮ ಬಾಗಿಲಿಗೇ ತಂದು, "ನಿಂಗೆ ಬೇಕಾಗಬೋದು, ಇಟ್ಕೊ" ಎಂದು ಹೋದರು. ಬಿಚ್ಚದೆ ಕ್ಲಾಸೆಟ್ಟಿಗೆ ತಳ್ಳಿದೆ.

ಪರೀಕ್ಷೆಯ ಹಾಲಿನಲ್ಲಿ ಏನಾಯಿತು ಎಂದು ನೀವು ಆಗಲೇ ಊಹಿಸಿರುತ್ತೀರಿ. ಸಮಯ ಮುಗಿದಾಗ ಹತ್ತೊಂಬತ್ತು ಪ್ರಶ್ನೆಗಳನ್ನು ನಾನು ಓದಿಯೂ ಇರಲಿಲ್ಲ. ಮಾಡಿದ ಅರವತ್ತೊಂದರಲ್ಲಿ ಅಷ್ಟೂ ಸಲ ಸಾಗರ ದಾಟಿ ಹೋಗಿ ಬಂದಿದ್ದೆ. ಫೇಲ್ ಎಂಬ ಇಮೇಲು ಬಂದ ದಿನ ಬಾಸ್ ಎಂದಿನಂತೆ ನನ್ನ ಗೋಡೆಗೆ ಟಪ್ಪೆಂದು ಸೀಲು ಒತ್ತಿದ. ರೆಸ್ಟ್ ರೂಮಿಗೆ ಹೋಗಿ ಅತ್ತೆ.

ಎರಡನೆಯ ಸಲ ಆರು ತಿಂಗಳು ನಾಲಿಗೆ ಕಚ್ಚಿಕೊಂಡು ಅಡಿ ಪೌಂಡುಗಳಲ್ಲೇ ಬದುಕಿದೆ. ಅನ್ನಕ್ಕೆ ನೀರನ್ನೂ ಔನ್ಸಿನಲ್ಲಿ ಅಳೆದೆ. ಪಾಸಾದೆ. ಎಲ್ಲರೂ ಕೇಳಿದರು, ಯಾರ ಹತ್ತಿರ ಓದಿದೆ ಎಂದು. "ನಾನೇ ಓದ್ಕೊಂಡೆ" ಎಂದೆ. ನಾಗಭೂಷಣರಿಗೆ ಫೋನ್ ಮಾಡಲಿಲ್ಲ. ಇನ್ನೂ ಪಾಸಾಗದವರಿಗೆ ಹೇಳಿ ಯಾಕೆ ನೋಯಿಸಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಇಂಥ ದೊಡ್ಡತನ ನನ್ನಲ್ಲಿ ಬೇಕೆಂದಾಗಲೆಲ್ಲ ಹುಟ್ಟಿಕೊಳ್ಳುತ್ತದೆ. ಇದಾಗಿ ಮೂರು ವರ್ಷ.

ಇವತ್ತು ಎಸೆಯುವ ಮೊದಲು ಸುಮ್ಮನೆ ಕೆಂಪು ಚೀಟಿಯ ಬೈಂಡರು ತೆರೆದೆ. ಸಣ್ಣ, ದುಂಡು ಅಕ್ಷರ. ಅಚ್ಚಿನ ಪ್ರಶ್ನೆ ಇದ್ದದ್ದು ಅಡಿ, ಪೌಂಡುಗಳಲ್ಲಿ. ಕೆಳಗೆ ಪೆನ್ಸಿಲಿನಲ್ಲಿ ಅವರ ಉತ್ತರ: ಮೀಟರು, ಕಿಲೋನ್ಯೂಟನ್ನು, ಕೊನೆಗೆ ಮತ್ತೆ ಪೌಂಡು. ಅಂಚಿನಲ್ಲಿ ಕನ್ನಡದಲ್ಲಿ, "ಮತ್ತೆ ಊರಿಗೆ ಹೋದೆ." ಮುಂದಿನ ಹಾಳೆ ತಿರುವಿದೆ. "ಮತ್ತೆ ಹೋದೆ." ಅದರ ಮುಂದಿನದು, "ಥೂ, ಮತ್ತೆ." ನಾಲ್ಕೂ ಬೈಂಡರು ನೋಡಿದೆ. ಐದು ಪರೀಕ್ಷೆಗಳ ಓದಿನುದ್ದಕ್ಕೂ ಆ ಮನುಷ್ಯ ಅಂಚಿನಲ್ಲಿ ತನ್ನನ್ನು ತಾನೇ ಬೈದುಕೊಂಡಿದ್ದರು. ತಮಗೆ ಬಿಡಲಾಗದ್ದನ್ನು ನನಗೆ ಬಿಡಿಸಲು ಕೆಂಟ್‌ನಿಂದ ಬರುತ್ತಿದ್ದರು. ನಾನು ಅವರಿಗೆ ಮ್ಯೂಸಿಯಮ್ಮಿನ ದಾರಿ ತೋರಿಸಿದ್ದೆ.

ಕಾರ್ಪೆಟ್ಟಿನ ಮೇಲೇ ಕೂತು ಫೋನ್ ಮಾಡಿದೆ.

"ಸರ್, ನಂಗೆ ಲೈಸೆನ್ಸ್ ಬಂತು," ಎಂದೆ, ನಿನ್ನೆ ಮೊನ್ನೆ ಬಂದಂತೆ.

"ಗೊತ್ತಮ್ಮ. ಲೈಸೆನ್ಸ್ ಇರೋರ ಹೆಸರು ವೆಬ್‌ಸೈಟಲ್ಲಿ ಹಾಕ್ತಾರಲ್ಲ. ದಿನಾ ಬೆಳಿಗ್ಗೆ ಕಾಫಿ ಕುಡೀತಾ ನಿನ್ನ ಹೆಸರು ಹುಡುಕ್ತಿದ್ದೆ. ಒಂದಿನ ಬಂತು. ನಮ್ಮನೆಯವಳನ್ನ ಕರ್ದು ತೋರಿಸ್ದೆ."

"ನಾನು ಕಾಲ್ ಮಾಡ್ಬೇಕಿತ್ತು ಸರ್."

"ಇರ್ಲಿ ಬಿಡು, ಕೆಲಸ ಇರತ್ತೆ."

ಬೈದಿದ್ದರೆ ಚೆನ್ನಾಗಿತ್ತು. ನೀವು ಮತ್ತೆ ಬರೆಯುತ್ತೀರಾ ಎಂದು ಕೇಳಿದೆ. ಅಕ್ಟೋಬರಿಗೆ ಡೇಟ್ ತೆಗೆದುಕೊಂಡಿದ್ದಾರಂತೆ, ಇದೇ ಕೊನೆಯಂತೆ.

"ಶನಿವಾರ ಹತ್ತು ಗಂಟೆಗೆ ನಾನೇ ಕೆಂಟ್‌ಗೆ ಬರ್ತೀನಿ ಸರ್. ನನ್ನೆದುರಿಗೆ ಲೆಕ್ಕ ಮಾಡಿ. ಒಂದೇ ಒಂದ್ಸಲ ಊರಿಗೆ ಹೋದ್ರೂ ಕ್ಯಾಲ್ಕುಲೇಟರ್ ಕಿತ್ಕೋತೀನಿ."



"ಸೂಟ್‌ಕೇಸ್ ತೆಗೆದ್ಯಾ?" ಎಂದು ಕೇಳಿದರು.

"ಇವತ್ತು ತೆಗೆದೆ ಸರ್," ಎಂದೆ.